ಬಸಲಿಂಗಮ್ಮನ ಕೆಂಪೆಣ್ಣೆ

ಹೆಂಡತಿ ಬಸಲಿಂಗಮ್ಮ ತೀರಿಕೊಂಡು ಮೂರು ಗಂಟೆ ಕಳೆಯುವಷ್ಟರಲ್ಲಿ ಮಠದ ಡ್ರೈವರು ಸೋಮಲಿಂಗಯ್ಯ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದ. ನೋಡಿದವರು ಏನು ಅಂದುಕೊಳ್ಳಬೇಕೋ ಅದನ್ನೇ ಅಂದುಕೊಂಡರು. ಕಾಶಿಯ ಮಠದ ಪಡಸಾಲೆಯಲ್ಲಿ ಬಸಲಿಂಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಸುತ್ತಲೂ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಮಂಜುಗಡ್ಡೆಗಳು. ಹೆಂಗಸರು ಭಜನೆ ಹಾಡುತ್ತಿದ್ದರು. ಗಂಡನಾದವನು ಮಗ್ಗುಲಲ್ಲಿ ಕೂತು ಬಂದವರಿಗೆ ಮುಖ ತೋರಿಸುವುದು ಲೋಕದ ರೂಢಿ. ಇಲ್ಲಿ ನೋಡಿದರೆ ಅಂಗಳದ ಬೇವಿನ ನೆರಳಿನಲ್ಲಿ ನಿಂತಿದ್ದ ಉದ್ದನೆಯ ಕಾರಿನ ಕೆಳಗಿನಿಂದ ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು.

ಕಲ್ಲೆದೆಯವನು ಅಂತ ಅವನನ್ನು ಯಾರೂ ಕರೆದವರಲ್ಲ. ಆದರೆ ಬೆಳಿಗ್ಗೆ ಆರೂವರೆಗೆ ನಲ್ಲಿಯ ಹತ್ತಿರ ಕೊಡ ಇಟ್ಟು, ಎದೆ ಹಿಡಿದುಕೊಂಡು, "ಒಂದೀಟು ತಡೀರಿ" ಅಂತ ಅವಳು ಕೂತವಳು ಮತ್ತೆ ಏಳಲಿಲ್ಲ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿದ್ದ ಧಾರವಾಡ ಕಡೆಯ ಡಾಕ್ಟರು ಓಡಿ ಬಂದು, ಮಣಿಕಟ್ಟು ಹಿಡಿದು, ತಲೆ ಅಲ್ಲಾಡಿಸಿ ಹೋದರು. ಆಗಿನಿಂದ ಸೋಮಲಿಂಗಯ್ಯನ ಒಳಗೆ ಯಾವುದೂ ಅಲುಗಾಡುತ್ತಿರಲಿಲ್ಲ. ನೋವು ಬರುತ್ತದೆ ಅಂತ ಕಾದ, ಬರಲಿಲ್ಲ. ಬಂದದ್ದು ಒಂದೇ ಒಂದು ಯೋಚನೆ. ಸಂಜೆ ನಾಲ್ಕಕ್ಕೆ ಇವಳನ್ನು ಈ ಕಾರಿನಲ್ಲೇ ಕರೆದೊಯ್ಯಬೇಕು, ಅಸ್ಸಿ ನಾಲೆಯ ಪುಲಿಯಾ, ಆ ಏರು ಸೇತುವೆ, ಹತ್ತಬೇಕು, ಕಾರು ಜಗ್ಗಬಾರದು.

ಈ ಕಾರಿನ ಕಥೆಯನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಹನುಮಾನ್ ಘಾಟಿನ ಗಲ್ಲಿಗಳ ಹಿಂದೆ, ಡಾಂಬರು ರಸ್ತೆಗೆ ಬಾಗಿಲು ಮಾಡಿದ್ದ ಆ ಸಣ್ಣ ಮಠಕ್ಕೆ ಬಳ್ಳಾರಿ ಕಡೆಯ ಗಣಿ ಸಾಹುಕಾರನೊಬ್ಬ ಹದಿನೈದು ವರ್ಷದ ಹಿಂದೆ ತನ್ನ ಅಮೆರಿಕದ ಕಾರನ್ನು ಕಾಣಿಕೆ ಕೊಟ್ಟಿದ್ದ. ಮೇಲಿನ ಛಾವಣಿಯನ್ನು ಹಿಂದಕ್ಕೆ ಮಡಚಬಹುದಾದ, ಆಕಾಶದ ಬಣ್ಣದ, ದೋಣಿಯಷ್ಟು ಉದ್ದದ ಕಾರು. ದಾಸೋಹಕ್ಕೆ ಅಕ್ಕಿ ಸಾಲದ ಮಠದಲ್ಲಿ ಅಂಥ ಕಾರು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ಜನ ಆಡಿಕೊಂಡರು. ಮಾರಿಬಿಡೋಣ ಅಂದವರೂ ಇದ್ದರು. ಆದರೆ ಕಾರಿಗೆ ಒಂದು ಗುಣವಿತ್ತು. ಅದರಲ್ಲಿ ಕ್ಲಚ್ ಇರಲಿಲ್ಲ, ಗೇರನ್ನು ತಾನೇ ಹಾಕಿಕೊಳ್ಳುತ್ತಿತ್ತು. ಬ್ರೇಕಿನ ಮೇಲಿಂದ ಕಾಲು ತೆಗೆದರೆ ಸಾಕು, ಬಸುರಿ ಹೆಂಗಸು ನಡೆದ ಹಾಗೆ ಮೆಲ್ಲಗೆ ತಾನಾಗಿ ನಡೆಯುತ್ತಿತ್ತು. ಸ್ವಾಮಿಗಳ ಮೆರವಣಿಗೆಗೆ ಅದಕ್ಕಿಂತ ಒಳ್ಳೆಯ ವಾಹನ ಇನ್ನೊಂದಿಲ್ಲ.

ಮೆರವಣಿಗೆ ಇದ್ದದ್ದು ವರ್ಷಕ್ಕೆ ಎರಡು ಸಲ. ಕಾರಿಗೆ ನಿಜವಾದ ಕೆಲಸ ಬೇರೆ ಇತ್ತು. ಕಾಶಿಯಲ್ಲಿ ಸತ್ತವರೆಲ್ಲ ಬಿದಿರಿನ ಮೇಲೆ ಮಲಗಿಕೊಂಡು ಬೆಂಕಿಗೆ ಹೋಗುತ್ತಾರೆ. ಕೂತುಕೊಂಡು ಮಣ್ಣಿಗೆ ಹೋಗುವವರು ನಮ್ಮ ಈ ಮಂದಿ ಮಾತ್ರ. ನಾಲೆಯ ಆಚೆ ನಗವಾ ಎಂಬಲ್ಲಿ ಮಠಕ್ಕೊಂದು ತೋಟವಿತ್ತು, ಅಲ್ಲೇ ಸಮಾಧಿ. ಹೊರುವುದಕ್ಕೆ ಈ ಪರಸ್ಥಳದಲ್ಲಿ ಹೆಗಲು ಎಲ್ಲಿಂದ ತರುವುದು? ಹಾಗಾಗಿ ಛಾವಣಿ ಮಡಚಿ, ಹಿಂದಿನ ಸೀಟಿನ ಮೇಲೆ ಮಣೆ ಹಾಕಿ, ಸತ್ತವರನ್ನು ಕೂರಿಸಿ, ಭಜನೆಯವರ ಹಿಂದೆ ಕಾರನ್ನು ನಡೆಸಿಕೊಂಡು ಹೋಗುವುದು ಪದ್ಧತಿಯಾಯಿತು. ಸೂತಕ ಅನ್ನುವುದು ಲಿಂಗವಂತರಿಗೆ ಇಲ್ಲ, ಆದ್ದರಿಂದ ಮರುದಿನ ಅದೇ ಸೀಟಿನ ಮೇಲೆ ಸ್ವಾಮಿಗಳು ಕೂತರೂ ನಡೆಯುತ್ತಿತ್ತು. ಬನಾರಸದವರು ಮೊದಮೊದಲು ಮದುವೆಯ ಬರಾತ್ ಎಂದುಕೊಂಡು ಇಣುಕಿ, ಬೆಚ್ಚಿ, "ಅರೇ, ಮುರ್ದಾ ಬೈಠಾ ಹೈ", ಹೆಣ ಕೂತಿದೆ, ಎನ್ನುತ್ತಿದ್ದರು. ಆಮೇಲೆ ಅವರಿಗೂ ರೂಢಿಯಾಯಿತು.

ಕಳೆದ ಶಿವರಾತ್ರಿಯ ಮುಂದೆ ಯಾತ್ರೆಗೆ ಬಂದ ಮುದುಕನೊಬ್ಬ ಮಠದಲ್ಲೇ ಲಿಂಗೈಕ್ಯನಾದ. ಅವನನ್ನು ಕರೆದೊಯ್ಯುವಾಗ ಪುಲಿಯಾದ ಏರಿನಲ್ಲಿ ಎಂಜಿನ್ ಗರ್ಜಿಸಿತು, ಕಾರು ನಿಂತಲ್ಲೇ ನಿಂತಿತು, ಆಮೇಲೆ ಒಮ್ಮೆಲೇ ಹಿಡಿದು ಜಗ್ಗಿತು. ಮುದುಕನ ತಲೆ ಎದೆಯ ಮೇಲೆ ಬಿತ್ತು. ಅಂಗೈಯ ಲಿಂಗ ಉರುಳಿ ಸೀಟಿನ ಕೆಳಗೆ ಹೋಯಿತು. ಬದುಕಿದಷ್ಟು ದಿನ ಮೈಮೇಲಿದ್ದ ಲಿಂಗ ಮಣ್ಣಿಗೆ ಹೋಗುವಾಗ ಕೈಬಿಡುವುದೆಂದರೇನು? ಮುದುಕನ ಮಗ ರಸ್ತೆಯ ಮೇಲೇ ಮುಖ ಮುಚ್ಚಿಕೊಂಡು ಅತ್ತ. ಸೋಮಲಿಂಗಯ್ಯ ಕಾಲಿನ ಹತ್ತಿರ ತಡಕಾಡಿ ಲಿಂಗವನ್ನು ಎತ್ತಿಕೊಟ್ಟವನು ಆವತ್ತು ಊಟ ಮಾಡಲಿಲ್ಲ.

ಆ ಸಂಜೆ ಅವನ ನೋಯುವ ಬೆನ್ನಿಗೆ ಎಣ್ಣೆ ತಿಕ್ಕುತ್ತ ಬಸಲಿಂಗಮ್ಮ ಹೇಳಿದ್ದಳು:

"ಪಾಪ, ಮುದುಕಗ ಬಾಯಿಲ್ಲ, ಸುಮ್ನ ಹೋದ. ನಾಳೆ ನನ್ನ ಹಿಂಗ ಕುಲುಕಿದ್ರ ನಾ ಅಲ್ಲೇ ಎದ್ದು ನಿಂತು ಬೈತೀನಿ, ನೋಡ್ರಿ ಮತ್ತ."

"ನಿನ್ನ ಬಾಯಿ ಸತ್ತ ಮ್ಯಾಲೂ ಸುಮ್ನ ಇರೂದಿಲ್ಲ ಅಂತ ನನಗ ಗೊತ್ತದ. ಗಾಡಿ ಗೇರಿನ ಎಣ್ಣಿ ಹಳೀದಾಗ್ಯದ, ಕಮ್ಮೀನೂ ಆಗ್ಯದ. ಬರೂ ಸೋಮವಾರ ಬದಲಿ ಮಾಡ್ತೀನಿ."

ಸೋಮವಾರಗಳು ಬಂದವು, ಹೋದವು. ಆ ಕಾರಿನ ಗೇರಿನ ಪೆಟ್ಟಿಗೆಗೆ ಸಾಮಾನ್ಯ ಎಣ್ಣೆ ನಡೆಯುವುದಿಲ್ಲ. ಅದಕ್ಕೆಂದೇ ಬರುವ ಕೆಂಪು ಎಣ್ಣೆ, ದಾಳಿಂಬೆ ರಸದಷ್ಟು ಕೆಂಪು, ತೆಳ್ಳಗಿನದು. ಬನಾರಸದಲ್ಲಿ ಸಿಗದು. ಐದು ವರ್ಷದ ಹಿಂದೆ ಸೋಮಲಿಂಗಯ್ಯ ಕಲ್ಕತ್ತೆಗೆ ಹೋಗಿ ಒಂದೊಂದು ಗ್ಯಾಲನ್ನಿನ, ಅಂದರೆ ನಾಲ್ಕೂವರೆ ಲೀಟರಿನ, ಎರಡು ಡಬ್ಬ ತಂದು, ಗೋಣಿಚೀಲ ಸುತ್ತಿ, ಸಾಮಾನಿನ ಕೋಣೆಯ ಅಟ್ಟದಲ್ಲಿ ಇಟ್ಟಿದ್ದ. ಇನ್ನು ಮುಂದೆ ಬರುವುದಿಲ್ಲ ಅಂತ ಅಂಗಡಿಯವನು ಹೇಳಿದ್ದ. ಇದ್ದ ಎರಡನ್ನು ಸುರಿದುಬಿಟ್ಟರೆ ನಾಳೆ ಏನು ಅಂತ ಇವನ ಕೈ ಹಿಂದೆ ಸರಿಯುತ್ತಿತ್ತು. ಹಾಗೆ ನಾಳೆಗೆ ಅಂತ ಇಟ್ಟದ್ದು ಇವತ್ತಿಗೆ ಬಂತು.

ಎಣ್ಣೆ ಬಿಸಿಯಾಗಿದ್ದಾಗಲೇ ಇಳಿಸಬೇಕು, ಆಗಲೇ ಕೊಳೆ ಸಮೇತ ಬರುತ್ತದೆ. ಕಲ್ಕತ್ತೆಯ ಗ್ಯಾರೇಜಿನ ಮುದಿ ಮಿಸ್ತ್ರಿ ಕಲಿಸಿದ ಪಾಠ. ಅದಕ್ಕೇ ಸೋಮಲಿಂಗಯ್ಯ ಎಂಟು ಗಂಟೆಗೆ ಕಾರು ತೆಗೆದು ಅಸ್ಸಿಯವರೆಗೆ ಹೋಗಿಬಂದ. ಚಹದ ಅಂಗಡಿಯಲ್ಲಿ ಕೂತ ವಿದ್ಯಾರ್ಥಿಗಳು ಎಂದಿನಂತೆ ಕೈಬೀಸಿದರು, ಇವನೂ ಕೈಬೀಸಿದ. ಹೆಂಡತಿ ಸತ್ತ ದಿನ ಹವಾ ತಿನ್ನಲು ಹೋದ ಅಂತ ಮಠದಲ್ಲಿ ಮಾತಾಯಿತು. ಬಂದವನು ಮುಂಭಾಗವನ್ನು ಜಾಕ್ ಮೇಲೆ ಎತ್ತಿ, ಇಟ್ಟಿಗೆ ಕೊಟ್ಟು, ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಕೆಳಗೆ ನುಗ್ಗಿದ. ಗೇರಿನ ಪೆಟ್ಟಿಗೆಯ ತಳದ ತಟ್ಟೆಯ ನಟ್ಟನ್ನು ಬಿಚ್ಚಿದ. ಎಣ್ಣೆ ಕೆಳಗಿಟ್ಟ ಅಗಲ ಬಾಯಿಯ ಪರಾತಕ್ಕೆ ಬಿತ್ತು, ಕೆಂಪು ಹೋಗಿ ಕಾಡಿಗೆಯ ಬಣ್ಣಕ್ಕೆ ತಿರುಗಿತ್ತು. ಸುಡುವ ಎಣ್ಣೆ ಮಣಿಕಟ್ಟಿನ ಮೇಲಿಂದ ಹರಿದರೂ ಅವನು ಕೈ ಎಳೆದುಕೊಳ್ಳಲಿಲ್ಲ. ಚರ್ಮ ಬೊಬ್ಬೆ ಏಳುವುದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ.

ಅಷ್ಟರಲ್ಲಿ ಕಾರಿನ ಪಕ್ಕ ಒಂದು ಊರುಗೋಲು, ಎರಡು ಡೊಂಕು ಕಾಲು ಬಂದು ನಿಂತವು. ಮಠದ ಹಿರಿಯ ಪೂಜಾರಿ ಅಮರಯ್ಯ. ಎಂಬತ್ತು ದಾಟಿದ ಜೀವ, ಇವರಿಬ್ಬರ ಮದುವೆಗೆ ಅಕ್ಷತೆ ಹಾಕಿದವರು.

"ಸೋಮಲಿಂಗಾ, ಹೊರಗ ಬಾರಪಾ. ಆಕಿ ಮಗ್ಗಲಿಗೆ ಒಂದು ಗಳಿಗಿ ಕೂಡು. ಒಂದೀಟು ಅಳು."

"ಎಣ್ಣಿ ಇನ್ನೂ ಇಳೀಲಿಕ್ಕತ್ತದ, ಅಜ್ಜಾರ."

"ಎಣ್ಣಿ ತಾನ ಇಳೀತದ. ನೀ ಕೂತು ಕಾಯೂದೇನದ?"

ಸೋಮಲಿಂಗಯ್ಯ ಪಕ್ಕಕ್ಕೆ ಸರಿದು ಎರಡನೆಯ ನಟ್ಟಿಗೆ ಕೈ ಹಾಕಿದ. ಎಂಜಿನ್ನಿನ ಹಿಂದಿರುವ ದುಂಡನೆಯ ಡಬ್ಬಿಯಲ್ಲಿ ಅರ್ಧಕ್ಕರ್ಧ ಎಣ್ಣೆ ಉಳಿದಿರುತ್ತದೆ, ಅದನ್ನೂ ಇಳಿಸಬೇಕು. ಹಾಕುವುದಾದರೆ ಪೂರ್ತಿ ಹಾಕು, ಹಳೆಯದರ ಜೊತೆ ಹೊಸದನ್ನು ಬೆರೆಸಬೇಡ, ಇಲ್ಲವೇ ಮುಟ್ಟಲೇ ಬೇಡ. ಇದೂ ಆ ಮಿಸ್ತ್ರಿಯದೇ ಮಾತು. ಅಮರಯ್ಯ "ಶಿವಾ" ಅಂದು, ಕೋಲೂರಿಕೊಂಡು ಹೋದರು.

ಎರಡೂ ಕಡೆಯಿಂದ ಕೊನೆಯ ಹನಿ ಬೀಳುವಾಗ ಹನ್ನೊಂದೂವರೆ. ನಟ್ಟುಗಳನ್ನು ಬಿಗಿದು, ಕೈ ಒರೆಸಿಕೊಂಡು, ಏಣಿ ಹಾಕಿ ಅಟ್ಟ ಹತ್ತಿದ. ಮೊದಲನೆಯ ಡಬ್ಬ ಭಾರವಾಗಿತ್ತು. ಎರಡನೆಯದನ್ನು ಎತ್ತಲು ಹೋದವನ ಕೈ ಗಾಳಿಗೆ ಎದ್ದಂತೆ ಎದ್ದಿತು. ಅಲುಗಾಡಿಸಿದರೆ ತಳದಲ್ಲಿ ಒಂದಿಷ್ಟು ಗುಳುಗುಳು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಬೇರೆ ಯಾವ ದಿನವೇ ಆಗಿದ್ದರೂ ಅವನು ಮೊದಲು ಡಬ್ಬ ನೋಡಿ, ಆಮೇಲೆ ನಟ್ಟು ಬಿಚ್ಚುತ್ತಿದ್ದ. ಇವತ್ತು ಕೈ ತನ್ನ ಪಾಡಿಗೆ ಕೆಲಸ ಮಾಡಿತ್ತು, ತಲೆ ಜೊತೆಗಿರಲಿಲ್ಲ. ಕಾರಿಗೆ ಬೇಕಾದದ್ದು ಒಂಬತ್ತು ಲೀಟರು. ಕೈಯಲ್ಲಿದ್ದದ್ದು ಐದೂವರೆ. ನಾಲ್ಕು ಗಂಟೆಗೆ ಹೊರಡಬೇಕು, ಕಾರಿನ ಹೊಟ್ಟೆ ಖಾಲಿ.

ಆ ದಿನ ಮೊದಲ ಸಲ ಅವನ ದನಿ ಎದ್ದಿತು. ಡಬ್ಬವನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, "ಯಾರು ಮುಟ್ಟ್ಯಾರ ಇದನ್ನ?" ಅಂತ ಕೂಗಿದ. ಪಡಸಾಲೆಯ ಭಜನೆ ಅರ್ಧಕ್ಕೆ ನಿಂತಿತು. ದಾಸೋಹದ ಅಡುಗೆಯವಳು ಸಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಬಂದಳು. ಡಬ್ಬ ನೋಡಿದಳು, ಪಡಸಾಲೆಯ ಕಡೆ ನೋಡಿದಳು.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಅಕ್ಕನ ತಗೀತಿದ್ಲು."

"ಯಾವ ಅಕ್ಕ?"

"ನಮ್ಮಕ್ಕ. ಬಸಲಿಂಗಕ್ಕ. ನಿಮ್ಮ ಬೆನ್ನಿನ ಎಣ್ಣಿಗೆ."

ಸೋಮಲಿಂಗಯ್ಯ ಡಬ್ಬವನ್ನು ಕೆಳಗಿಟ್ಟ. "ಬೆನ್ನಿನ ಎಣ್ಣಿ ವೈದ್ಯರದು. ಗೋದೌಲಿಯಾದ ವೈದ್ಯರ ಹಂತೇಕ ತರ್ತಿದ್ಲು."

"ಎಲ್ಲೀ ವೈದ್ಯರ್ರೀ! ಸಾಸಿವಿ ಎಣ್ಣಿ, ಬಳ್ಳೊಳ್ಳಿ, ಕರ್ಪೂರ, ಒಂದು ಚೂರು ಕೆಂಪು ಬಿಡೂ ರತನ್‌ಜೋತ್ ಬೇರು. ಇಷ್ಟು ಕಾಸಿ ಸೋಸಿ, ಆರಿದ ಮ್ಯಾಲ ನಾಕು ಚಮಚ ಇದು. ನಾ ಬ್ಯಾಡ ಅಂದೆ, ಗಾಡಿ ಎಣ್ಣಿ ಮನಷಾರ ಮೈಗೆ ಹಚ್ಚತಾರೇನು ಅಂದೆ. ಆಕಿ ಏನಂದ್ಲು ಗೊತ್ತೇನ್ರಿ? 'ಏ ಹುಚ್ಚಿ, ಅಷ್ಟು ದೊಡ್ಡ ಗಾಡಿಯ ಕೀಲು ಇದರಿಂದ ಮೆತ್ತಗ ಆಡ್ತಾವ, ಅವರ ಬೆನ್ನಿನ ಕೀಲು ಎಷ್ಟರದು' ಅಂದ್ಲು. ಗುಣಾನೂ ಆತಲ್ರಿ ನಿಮಗ!"

ಗುಣವಾಗಿತ್ತು. ಅದೇ ಸಮಸ್ಯೆ. ಐದು ವರ್ಷದಿಂದ ವಾರಕ್ಕೆ ಎರಡು ಸಂಜೆ ಅವಳು ಬೆನ್ನು ತಿಕ್ಕಿದ್ದಳು, ಮರುದಿನ ಅವನು ಹಗುರವಾಗಿ ಎದ್ದಿದ್ದ. ಕಂಟೋನ್ಮೆಂಟಿನ ಟ್ಯಾಕ್ಸಿಯವರ ಮುಂದೆ ಆ ವೈದ್ಯರ ಎಣ್ಣೆಯನ್ನು ಬಾಯಿತುಂಬ ಹೊಗಳಿದ್ದ. ದಿನವಿಡೀ ಅದೇ ವಾಸನೆಯಲ್ಲಿ ಮುಳುಗಿದ್ದ ಮೂಗಿಗೆ ಬೆನ್ನಿನಿಂದ ಬಂದ ವಾಸನೆ ಬೇರೆಯಾಗಿ ಗೊತ್ತಾಗಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಕಾರಿಗೆ ಹಾಕದೆ ಜೋಪಾನ ಮಾಡಿದ ಎಣ್ಣೆಯನ್ನು ಅವನ ಬೆನ್ನೇ ಕುಡಿದಿತ್ತು.

"ಸ್ವಲ್ಪ ನನ್ನ ಮೊಣಕಾಲಿಗೂ ಕೊಟ್ಟಾಳಪಾ" ಅಂತ ಅಮರಯ್ಯ ಕಂಬದ ಹತ್ತಿರದಿಂದ ಮೆಲ್ಲಗೆ ಹೇಳಿದರು. ಹೇಳಿ ತಮ್ಮ ಕಾಲುಗಳನ್ನು ಅನುಮಾನದಿಂದ ನೋಡಿಕೊಂಡರು. ಆ ಹೊತ್ತಿನಲ್ಲೂ ಇಬ್ಬರು ಹೆಂಗಸರಿಗೆ ನಗು ಬಂದು, ತಲೆ ಬಗ್ಗಿಸಿದರು. ಮಠದ ಅರ್ಧ ಮೊಣಕಾಲುಗಳು ಅಮೆರಿಕದ ಎಣ್ಣೆಯ ಮೇಲೆ ಓಡುತ್ತಿದ್ದವು ಅನ್ನುವುದು ಆವತ್ತು ಬಯಲಾಯಿತು.

ಸೋಮಲಿಂಗಯ್ಯನಿಗೆ ನಗು ಬರಬೇಕಿತ್ತು. ಇಲ್ಲವೇ ಸಿಟ್ಟು ಬರಬೇಕಿತ್ತು. ಬೈಯಬೇಕೆಂದರೆ ಬೈಸಿಕೊಳ್ಳುವವಳು ಎದುರಿಗೆ ಇರಬೇಕಲ್ಲ, ಅವಳು ಕಣ್ಣು ಮುಚ್ಚಿ ಕೂತಿದ್ದಳು. ಅವನು ಅವಳ ಮುಖವನ್ನು ಒಂದು ಕ್ಷಣ ನೋಡಿದ. ಸಿಕ್ಕಿಬಿದ್ದೆನಲ್ಲ ಅನ್ನುವ ಅಳುಕು ಆ ಮುಖದ ಮೇಲೆ ಇದ್ದಂತೆ ತೋರಿತು, ಅದು ಇವನ ಕಣ್ಣಿನ ಕೆಲಸ. ಡಬ್ಬವನ್ನು ಎತ್ತಿಕೊಂಡು ಮಠದ ಆಫೀಸಿಗೆ ಹೋಗಿ ಫೋನು ತಿರುಗಿಸಿದ. ಕಂಟೋನ್ಮೆಂಟಿನ ಒಂದು ಹೋಟೆಲಿನಲ್ಲಿ ಇಂಥದೇ ಕಾರು ಹಿಂದೆ ಇತ್ತು. ಅಲ್ಲಿಯ ಡ್ರೈವರು, "ಅರೇ ಮಹಾರಾಜ್, ಲಾಲ್ ತೇಲ್ ಅಬ್ ಕಹಾಂ ಮಿಲೀ? ಊ ಗಾಡಿ ತೋ ಕಬಾಡಿ ಲೇ ಗಯಿಲ್" ಅಂದ. ಕೆಂಪೆಣ್ಣೆ ಎಲ್ಲಿಂದ ಬರಬೇಕು, ಆ ಕಾರೇ ಗುಜರಿಗೆ ಹೋಗಿತ್ತು. ಕಲ್ಕತ್ತೆಗೆ ಹೋಗೋಣವೆಂದರೆ ರೈಲ್ವೆಯವರು ಮುಷ್ಕರ ಹೂಡಿ ಹತ್ತು ದಿನದಿಂದ ಗಾಡಿಗಳೇ ಇಲ್ಲ. ಇದ್ದರೂ ಹೆಣ ಕಾಯುತ್ತದೆಯೇ? ಮೇ ತಿಂಗಳ ಬನಾರಸದ ಬಿಸಿಲಿಗೆ ಮಂಜುಗಡ್ಡೆ ಆಗಲೇ ನೀರಾಗಿ ಅಂಗಳಕ್ಕೆ ಹರಿಯುತ್ತಿತ್ತು.

ಉಳಿದದ್ದು ಪರಾತದಲ್ಲಿದ್ದ ಹಳೆಯ ಎಣ್ಣೆ.

ಅವನು ಪರಾತದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅಲುಗದೆ ಕೂತ ಎಣ್ಣೆಯಲ್ಲಿ ಕೊಳೆ ತಳಕ್ಕೆ ಇಳಿದಿತ್ತು, ಮೇಲಿನದು ಕೊಂಚ ತಿಳಿಯಾಗಿತ್ತು. "ಸಂಗಮ್ಮ, ಆಕಿ ಎಣ್ಣಿ ಸೋಸೋ ಅರಿವಿ ಇತ್ತಲ್ಲ, ಅದನ್ನ ಕೊಡು. ಒಂದು ಸೌಟೂ ಬೇಕು" ಅಂದ. ಸಂಗಮ್ಮ ತಂದುಕೊಟ್ಟಳು. ಬಸಲಿಂಗಮ್ಮನ ಹಳೆಯ ಹಸಿರು ಸೀರೆಯ ತುಂಡು. ಕೆಂಪು ಕಲೆ ಹಿಡಿದು ಹಿಡಿದು ಹಸಿರು ಎಲ್ಲಿತ್ತು ಅಂತ ಹುಡುಕಬೇಕಾಗಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ, ಕೊಳಗದ ಬಾಯಿಗೆ ಕಟ್ಟಿ, ಸೌಟಿನಿಂದ ಮೇಲಿನ ಎಣ್ಣೆಯನ್ನು ಮಾತ್ರ ಎತ್ತಿ ಎತ್ತಿ ಸೋಸಿದ. ಮಿಸ್ತ್ರಿಯ ಮಾತು ಮುರಿಯಿತು. ಹಳೆಯದು, ಹೊಸದು, ಎರಡೂ ಬೆರೆತವು. ಆ ಬಣ್ಣ ಕುಂಕುಮವೂ ಅಲ್ಲ, ಕಾಡಿಗೆಯೂ ಅಲ್ಲ.

ಕಾರನ್ನು ಜಾಕಿನಿಂದ ಇಳಿಸಿ, ಆಲಿಕೆ ಇಟ್ಟು ಅರ್ಧ ಸುರಿದು ಎಂಜಿನ್ ಚಾಲೂ ಮಾಡಿದ. ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ, ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಒಂದೊಂದೇ ಗೇರಿಗೆ ಇಳಿಸಿ ಏರಿಸಿದ. ಎಂಜಿನ್ ನಡೆಯುತ್ತಿರುವಾಗಲೇ ಅಳತೆಯ ಕಡ್ಡಿ ತೆಗೆದು ಒರೆಸಿ ಮತ್ತೆ ಅದ್ದಿ ನೋಡಿದ. ಗುರುತಿಗೆ ಸರಿಯಾಗಿ ಬಂದಿತ್ತು. ಆದರೆ ಗುರುತಿಗೆ ಬಂದ ಎಣ್ಣೆ ಏರಿನಲ್ಲಿ ಹಿಡಿಯುತ್ತದೆಯೋ ಇಲ್ಲವೋ ಅದು ಕಡ್ಡಿಗೆ ತಿಳಿಯುವ ಸಂಗತಿಯಲ್ಲ. ಇನ್ನೊಮ್ಮೆ ಪುಲಿಯಾವರೆಗೆ ಹೋಗಿ ನೋಡೋಣವೆಂದು ಬಾಗಿಲು ತೆರೆದ. ಅಷ್ಟರಲ್ಲಿ ಮಗಳು ಬಂದಳು.

ತಾರಾದೇವಿಯನ್ನು ಅಲಹಾಬಾದಿಗೆ ಕೊಟ್ಟಿದ್ದರು. ರೈಲಿಲ್ಲದೆ, ಬಸ್ಸು ಸಿಗದೆ, ಗಂಡನ ಜೊತೆ ಕಲ್ಲಂಗಡಿ ಲಾರಿಯಲ್ಲಿ ಕೂತು ಬಂದಿದ್ದಳು. ತಾಯಿಯ ಮುಂದೆ ಬಿದ್ದು ಅತ್ತು, ಅಪ್ಪನನ್ನು ಹುಡುಕುತ್ತ ಅಂಗಳಕ್ಕೆ ಬಂದವಳು ಅವನ ಕೈ, ಅಂಗಿ, ಗಡ್ಡಕ್ಕೆಲ್ಲ ಮೆತ್ತಿದ್ದ ಎಣ್ಣೆಯನ್ನು ನೋಡಿ ನಿಂತಳು.

"ಬಾಬೂಜಿ, ಅಮ್ಮ ಅಲ್ಲಿ ಕೂತಾಳ, ಔರ್ ಆಪ್ ಮುಂಜಾನಿಂದ ಗಾಡಿ ಮೇಂ? ಏನರ ಅನಸ್ತದೋ ಇಲ್ಲೋ ನಿಮಗ?"

"ಇದು ಆಕೀದ ಕೆಲಸವ್ವಾ."

ಅವಳಿಗೆ ಅರ್ಥವಾಗಲಿಲ್ಲ. ಏನಾದರೂ ಅನ್ನಿಸುತ್ತದೆಯೇ ಅಂತ ಕೇಳಿದ್ದು ಮಾತ್ರ ನ್ಯಾಯವಾದ ಪ್ರಶ್ನೆ, ಬೆಳಗಿನಿಂದ ಅವನು ತನ್ನನ್ನೇ ಕೇಳಿಕೊಂಡದ್ದೂ ಅದೇ. ಪುಲಿಯಾಕ್ಕೆ ಹೋಗಿ ನೋಡುವ ಹೊತ್ತು ತಪ್ಪಿಹೋಯಿತು. ಸ್ವಾಮಿಗಳು ಪೂಜೆ ಮುಗಿಸಿ ಬಂದು ಬಸಲಿಂಗಮ್ಮನ ತಲೆಯ ಮೇಲೆ ಪಾದ ಮುಟ್ಟಿಸಿದರು. ಸೋಮಲಿಂಗಯ್ಯ ಸೋಪು ಹಚ್ಚಿ ಕೈ ತೊಳೆದುಕೊಂಡ, ಒಗೆದ ಪಂಚೆ ಉಟ್ಟ, ಅಳಿಯನ ಜೊತೆ ಸೇರಿ ಹೆಂಡತಿಯನ್ನು ಎತ್ತಿ ಹಿಂದಿನ ಸೀಟಿನ ಮಣೆಯ ಮೇಲೆ ಕೂರಿಸಿದ. ವಾಲದಂತೆ ಬೆನ್ನಿಗೆ ಶಲ್ಯ ಕಟ್ಟಿದ. ಲಿಂಗವನ್ನು ಅಂಗೈಗೆ ಬಿಗಿದು ಕಟ್ಟಿಬಿಡೋಣ ಅಂತ ಅಳಿಯ ಅಂದ. ಕಟ್ಟುವ ಪದ್ಧತಿ ಇಲ್ಲ, ಅದು ಹಿಡಿದುಕೊಂಡ ಹಾಗೆ ಇರಬೇಕು ಅಂತ ಅಮರಯ್ಯ ಅಂದರು. ಬೆರಳುಗಳನ್ನು ಮೆಲ್ಲಗೆ ಮಡಿಸಿಟ್ಟರು ಅಷ್ಟೆ. ಒಂದು ಪಕ್ಕ ತಾರಾ, ಇನ್ನೊಂದು ಪಕ್ಕ ಸಂಗಮ್ಮ ಕೂತರು.

ನಾಲ್ಕು ಗಂಟೆಗೆ ಸೋಮಲಿಂಗಯ್ಯ ಬ್ರೇಕಿನಿಂದ ಕಾಲು ತೆಗೆದ. ಕಾರು ನಡೆಯಿತು. ಮುಂದೆ ತಾಳ, ಹಾಡು, ಬಿಲ್ವಪತ್ರೆಯ ಬುಟ್ಟಿ. ಸೋನಾರಪುರ ದಾಟಿತು, ಭದೈನಿ ದಾಟಿತು. ಪಾನ್ ಅಂಗಡಿಯವರು ಎದ್ದು ನಿಂತು ಕೈ ಮುಗಿದರು. ರಿಕ್ಷಾದವರು ಪಕ್ಕಕ್ಕೆ ಸರಿದರು. ಸೋಮಲಿಂಗಯ್ಯನ ಕಣ್ಣು ರಸ್ತೆಯ ಮೇಲೆ ಕಡಿಮೆ, ಕನ್ನಡಿಯ ಮೇಲೆ ಹೆಚ್ಚು. ಹದಿನೈದು ವರ್ಷ ಆ ಕನ್ನಡಿಯಲ್ಲಿ ಸ್ವಾಮಿಗಳನ್ನು, ಸಾಹುಕಾರರನ್ನು, ಸತ್ತವರನ್ನು ನೋಡಿದ್ದ. ಹೆಂಡತಿಯನ್ನು ಆ ಸೀಟಿನ ಮೇಲೆ ನೋಡಿದ್ದು ಇವತ್ತೇ. ಒಮ್ಮೆಯೂ ಕಾರಿನಲ್ಲಿ ಕೂರಿಸಿಕೊಂಡು ಗಂಗೆಯ ದಂಡೆಯವರೆಗಾದರೂ ಹೋಗಿರಲಿಲ್ಲ. ಮಠದ ಕಾರು, ನಮ್ಮದಲ್ಲ ಅಂತ ಅವಳೇ ಒಪ್ಪಿರಲಿಲ್ಲ. ಇದು ನೆನಪಾದಾಗಲೂ ಅವನ ಎದೆಯಲ್ಲಿ ಏನೂ ಆಗಲಿಲ್ಲ. ಅವಳ ಒಂದು ಕೈಯನ್ನು ಮಾತ್ರ ನೋಡುತ್ತಿದ್ದ, ಅದರೊಳಗಿನ ಕಪ್ಪು ಲಿಂಗವನ್ನು.

ಅಸ್ಸಿಯ ಚಹದ ಅಂಗಡಿ ಬಂತು. ಬೆಳಿಗ್ಗೆ ಕೈಬೀಸಿದ್ದ ವಿದ್ಯಾರ್ಥಿಗಳು ಕಾರಿನ ಹಿಂದಿನ ಸೀಟನ್ನು ನೋಡಿ, ಇವನನ್ನು ನೋಡಿ, ಗ್ಲಾಸು ಕೆಳಗಿಟ್ಟು ನಿಂತರು. ಅದು ದಾಟಿದರೆ ಪುಲಿಯಾ.

ಮುಂದಿನ ಚಕ್ರ ಏರಿಗೆ ತಾಗಿದಾಗ ಕಾರು ನಿಧಾನವಾಯಿತು. ಅವನು ಕಾಲನ್ನು ಕೂದಲೆಳೆಯಷ್ಟು ಒತ್ತಿದ. ಎಂಜಿನ್ನಿನ ದನಿ ಏರಿತು. ಕಾರು ಏರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಅದು ಎಲ್ಲೂ ಇಲ್ಲದ ಹಾಗೆ ನಿಂತಿತು. ಭಜನೆಯವರು ಮುಂದಕ್ಕೆ ಹೋದರು. ಆ ಒಂದು ಉಸಿರಿನಲ್ಲಿ ಸೋಮಲಿಂಗಯ್ಯನಿಗೆ ನಾಚಿಕೆಯಾಗುವಂಥ ಆಸೆಯೊಂದು ಬಂತು. ಜಗ್ಗಲಿ. ಒಂದೇ ಸಲ ಜಗ್ಗಿಬಿಡಲಿ. ಕುಲುಕಿದರೆ ಎದ್ದು ನಿಂತು ಬೈತೀನಿ ಅಂದಿದ್ದಳು. ಅವಳು ಕೊಟ್ಟ ಮಾತಿಗೆ ತಪ್ಪಿದವಳಲ್ಲ.

ಕಾರು ಹಿಡಿಯಿತು. ಸೋಸಿದ ಎಣ್ಣೆ ಹಿಡಿಯಿತು. ಮಗುವನ್ನು ತೊಟ್ಟಿಲಿನಿಂದ ಎತ್ತಿದಷ್ಟು ಮೆತ್ತಗೆ ಕಾರು ಏರಿತು, ನೆತ್ತಿಗೆ ಬಂತು, ಆಚೆ ಇಳಿಯಿತು. ಕನ್ನಡಿಯಲ್ಲಿ ಬಸಲಿಂಗಮ್ಮನ ತಲೆ ನೆಟ್ಟಗೆ ಇತ್ತು. ಲಿಂಗ ಅಂಗೈ ಬಿಟ್ಟು ಅಲುಗಲಿಲ್ಲ. ಬೈಯುವುದಕ್ಕೆ ಅವಳಿಗೆ ಕಾರಣವೇ ಸಿಗಲಿಲ್ಲ.

"ಭಾಳ ಹಗೂರ ತಂದ್ಯಪಾ" ಅಂತ ಅಮರಯ್ಯ ತೋಟದ ಬಾಗಿಲಿನಲ್ಲಿ ಅವನ ಭುಜ ಮುಟ್ಟಿದರು. ಸೋಮಲಿಂಗಯ್ಯ ತಲೆಯಾಡಿಸಿದ. ಉಳಿದದ್ದೆಲ್ಲ ಆಗಬೇಕಾದಂತೆ ಆಯಿತು. ಗುಂಡಿಯೊಳಗಿನ ಗೂಡಿನಲ್ಲಿ ಅವಳನ್ನು ಕೂರಿಸಿದರು, ವಿಭೂತಿ ಗಟ್ಟಿ ಜೋಡಿಸಿದರು, ಪತ್ರೆ ಹಾಕಿದರು. ಅವನು ಮೂರು ಹಿಡಿ ಮಣ್ಣು ಹಾಕಿದ. ತಾರಾ ಚೀರಿ ಅತ್ತಳು. ಅವಳನ್ನು ಹಿಡಿದುಕೊಂಡು ನಿಂತಾಗಲೂ ಅವನ ಕಣ್ಣು ಒಣಗಿಯೇ ಇತ್ತು. ಎಂಥ ಮನುಷ್ಯ ಅಂತ ಅಳಿಯ ಮನಸ್ಸಿನಲ್ಲೇ ಅಂದುಕೊಂಡದ್ದು ಮುಖದಲ್ಲಿ ಕಾಣುತ್ತಿತ್ತು.

ಹೊತ್ತು ಮುಳುಗುವ ಮೊದಲು ಮಠಕ್ಕೆ ಬಂದರು. ಮಗಳನ್ನು ಸಂಗಮ್ಮ ತನ್ನ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದಳು. ಸೋಮಲಿಂಗಯ್ಯ ಕಾರಿಗೆ ಛಾವಣಿ ಎಳೆದು, ಅಡಿಯಲ್ಲಿ ಸೋರಿದೆಯೇ ಅಂತ ಬಗ್ಗಿ ನೋಡಿದ. ಒಂದು ಹನಿಯೂ ಇರಲಿಲ್ಲ. ನೆಟ್ಟಗಾಗಲು ಹೋದಾಗ ಬೆನ್ನು ಹಿಡಿದುಕೊಂಡಿತು. ಅರ್ಧ ದಿನ ಕಲ್ಲಿನ ಮೇಲೆ ಮಲಗಿದ್ದು ಈಗ ಲೆಕ್ಕಕ್ಕೆ ಬಂತು. ಸೊಂಟ ಬಗ್ಗಿಸಿಕೊಂಡೇ ತಮ್ಮ ಒಂದೇ ಕೋಣೆಯ ಮನೆಗೆ ಹೋದ.

ನಲ್ಲಿಯ ಹತ್ತಿರ ಅವಳಿಟ್ಟಿದ್ದ ಕೊಡವನ್ನು ಯಾರೋ ತಂದು ಬಾಗಿಲ ಒಳಗೆ ಇಟ್ಟಿದ್ದರು. ಗೋಡೆಯ ಗೂಡಿನಲ್ಲಿ ಅವಳ ಎಣ್ಣೆಯ ಬಾಟಲಿ ಇತ್ತು, ಬಿರಡೆಯ ಬದಲು ಬಟ್ಟೆಯ ಸುರುಳಿ ತುರುಕಿದ್ದು. ಮುಕ್ಕಾಲು ತುಂಬಿತ್ತು. ಮೊನ್ನೆಯಷ್ಟೇ ಕಾಸಿರಬೇಕು. ಬಟ್ಟೆ ತೆಗೆದು ಮೂಸಿದ. ಬಳ್ಳೊಳ್ಳಿ, ಕರ್ಪೂರ, ಅದರ ಹಿಂದೆ ಸಣ್ಣಗೆ, ಈಗ ಗೊತ್ತಾದ್ದರಿಂದ ಮಾತ್ರ ಗೊತ್ತಾಗುವಂತೆ, ಗಾಡಿ. ಅಂಗಿ ತೆಗೆದ. ಅಂಗೈಗೆ ಎಣ್ಣೆ ಸುರಿದುಕೊಂಡು ಭುಜದ ಮೇಲಿಂದ ಕೈ ಹಿಂದಕ್ಕೆ ಹಾಕಿದ. ಕೈ ಹೆಗಲ ಮೂಳೆಯವರೆಗೆ ಹೋಗಿ ನಿಂತಿತು. ಕೆಳಗಿನಿಂದ ಹಾಕಿದ, ಸೊಂಟದ ಮೇಲಕ್ಕೆ ನಾಲ್ಕು ಬೆರಳು ಹೋಗಿ ನಿಂತಿತು. ನೋವಿದ್ದದ್ದು ನಡುವಿನಲ್ಲಿ. ಅಲ್ಲಿಗೆ ಅವನ ಕೈ ಯಾವತ್ತೂ ಹೋದದ್ದೇ ಇಲ್ಲ, ಹೋಗುವ ಅಗತ್ಯ ಬಿದ್ದಿರಲಿಲ್ಲ.

"ಏ, ಇಲ್ಲಿ ಬಾ. ಇಲ್ಲೊಂದೀಟು ತಿಕ್ಕು" ಅಂತ ಕರೆದ.

ಇಪ್ಪತ್ತೆಂಟು ವರ್ಷ ಕರೆದದ್ದೂ ಹಾಗೆಯೇ, ಹೆಸರು ಹಿಡಿದು ಕರೆದವನಲ್ಲ. ಬೆನ್ನು ಬಾಗಿಸಿ, ಎಣ್ಣೆಯ ಅಂಗೈ ಹಿಂದಕ್ಕೆ ಚಾಚಿಕೊಂಡು ಕಾದ. ಒಲೆಯ ಮುಂದಿನ ಕೆಲಸ ಬಿಟ್ಟು, ಬಂದೆ ತಡೀರಿ ಅಂತ ಗೊಣಗಿಕೊಂಡು, ಕೈ ಒರೆಸಿಕೊಂಡು ಬರಲು ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ಕಾದ. ಎಣ್ಣೆ ಬೆರಳ ಸಂದಿಯಿಂದ ಇಳಿದು, ಸುಟ್ಟ ಮಣಿಕಟ್ಟಿಗೆ ತಾಗಿತು. ಆಗ ಉರಿಯಿತು. ಬೆಳಿಗ್ಗೆ ಸುಟ್ಟದ್ದು ಆಗ ಉರಿಯಿತು. ಸೋಮಲಿಂಗಯ್ಯ ಕೊಡದ ಪಕ್ಕದಲ್ಲಿ ಕೂತು, ಅಡುಗೆಮನೆಯಲ್ಲಿದ್ದ ಸಂಗಮ್ಮನೂ ಕೋಲು ಹುಡುಕಿಕೊಂಡು ಅಮರಯ್ಯನೂ ಓಡಿ ಬರುವಷ್ಟು ಜೋರಾಗಿ ಅತ್ತ.